ಹಕ್ಕಿ ಪ್ರಶ್ನೋತ್ತರ: ಗಾಡ್‌ವಿಟ್ ಗುಂಪಿನಲ್ಲೊಂದು ಬೇರೆ ಹಕ್ಕಿ

ಪ್ರಶ್ನೆ: ಇಳಿತದ ಹೊತ್ತಿನಲ್ಲಿ ಕೆಸರುಬಯಲಿನಲ್ಲಿ ಬಾರ್-ಟೈಲ್ಡ್ ಗಾಡ್‌ವಿಟ್‌ಗಳ (ಉದ್ದ ಕೊಕ್ಕಿನ ವಲಸೆ ಹಕ್ಕಿಗಳು) ನಡುವೆ ತುಸು ಚಿಕ್ಕ ಹಕ್ಕಿಯೊಂದು ಕಂಡಿತು. ಮೊಬೈಲ್ ಆ್ಯಪ್ ‘ಏಷ್ಯನ್ ಡೌವಿಚರ್’ (ಗಾಡ್‌ವಿಟ್‌ನಂತೆಯೇ ಕಾಣುವ ಇನ್ನೊಂದು ಹಕ್ಕಿ) ಎಂದಿತು. ಗೆಳೆಯರು ‘ಅದೂ ಗಾಡ್‌ವಿಟ್ಟೇ ಮಾರಾಯ’ ಎಂದು ನಗುತ್ತಿದ್ದಾರೆ. ಮೂರು ಫೋಟೊ ಕಳಿಸಿದ್ದೇನೆ. ದಾಖಲೆಗೆ ಇಷ್ಟು ಸಾಕೇ?

ಉತ್ತರ: ನಗುವುದು ಬೇಕಿರಲಿಲ್ಲ, ಅನುಮಾನ ಮಾತ್ರ ಸರಿಯಾದದ್ದೇ.

ನಿಮ್ಮ ಮೊದಲ ಫೋಟೊದಲ್ಲಿ ಹಕ್ಕಿ ಕ್ಯಾಮೆರಾದತ್ತ ಅರ್ಧ ತಿರುಗಿದೆ. ಈ ಕೋನದಲ್ಲಿ ಗಾಡ್‌ವಿಟ್‌ನ ಮೇಲಕ್ಕೆ ಬಾಗಿದ ಕೊಕ್ಕೂ ನೇರವಾಗಿ, ಗಿಡ್ಡವಾಗಿ ಕಾಣುತ್ತದೆ. ಅದನ್ನು ಬದಿಗಿಡಿ. ಮೂರನೆಯದು ಬೆಳಕಿಗೆ ಎದುರಾಗಿ ತೆಗೆದದ್ದು, ಎಲ್ಲವೂ ಕಪ್ಪು. ಎರಡನೆಯದರಲ್ಲಿ ಜೀವವಿದೆ: ಹಕ್ಕಿಯ ಪೂರ್ತಿ ಪಕ್ಕನೋಟ, ಅಷ್ಟೇ ದೂರದಲ್ಲಿ ಒಂದು ಗಾಡ್‌ವಿಟ್. ಕೊಕ್ಕು ನೇರ, ತುದಿ ಸ್ವಲ್ಪ ಊದಿಕೊಂಡಂತಿದೆ. ಡೌವಿಚರ್ ಎನ್ನಲು ನನಗೂ ಮನಸ್ಸಾಗುತ್ತಿದೆ. ಆದರೆ ಗಾತ್ರವೊಂದನ್ನೇ ನೆಚ್ಚಬೇಡಿ. ಗಾಡ್‌ವಿಟ್ ಗಂಡು ಹೆಣ್ಣಿಗಿಂತ ಚಿಕ್ಕದು, ಅದರ ಕೊಕ್ಕೂ ಗಿಡ್ಡ. ಗೆಳೆಯರು ಹಿಡಿಯುವ ಜಾಗ ಇದೇ.

ಬಣ್ಣವೂ ಕೈಕೊಡುತ್ತದೆ. ಚಳಿಗಾಲದ ಗಾಡ್‌ವಿಟ್‌ನ ಕೊಕ್ಕಿನ ಬುಡ ಗುಲಾಬಿ, ಡೌವಿಚರ್‌ನದು ಹೆಚ್ಚುಕಡಿಮೆ ಪೂರ್ತಿ ಕಪ್ಪು. ಆದರೆ ಕೆಸರು ಮೆತ್ತಿಕೊಂಡರೆ ಎರಡೂ ಒಂದೇ. ಹಕ್ಕಿ ನೀರಿಗಿಳಿದು ಕೊಕ್ಕು ತೊಳೆದುಕೊಳ್ಳುವ ತನಕ ಕಾಯಬೇಕು.

ನನ್ನ ಕೇಳಿದರೆ, ಫೋಟೊಗಿಂತ ವಿಡಿಯೊ ಮೇಲು. ಡೌವಿಚರ್ ಕೊಕ್ಕನ್ನು ನೆಟ್ಟಗೆ ಇಳಿಸಿ ಹೊಲಿಗೆ ಯಂತ್ರದ ಸೂಜಿಯ ಹಾಗೆ ಪಟಪಟನೆ ಚುಚ್ಚುತ್ತಾ ಸಾಗುತ್ತದೆ. ಸ್ಪಾಟಿಂಗ್ ಸ್ಕೋಪಿನ (ಹಕ್ಕಿ ನೋಡುವ ದೂರದರ್ಶಕದ) ಕಣ್ಣಿಗೆ ಮೊಬೈಲ್ ಹಿಡಿದು ಅರ್ಧ ನಿಮಿಷ ತೆಗೆದರೂ ಈ ಚಾಳಿ ಸಿಕ್ಕಿಬೀಳುತ್ತದೆ. ಕಾಲೂ ಫ್ರೇಮಿನಲ್ಲಿರಲಿ. ಹಸಿರು-ಹಳದಿ ಕಾಲಾದರೆ ಲಾಂಗ್-ಬಿಲ್ಡ್ ಡೌವಿಚರ್ ಎಂಬ ಇನ್ನೊಂದು ತಲೆನೋವು ಎದುರಿಗೆ ಬರುತ್ತದೆ. ಹಕ್ಕಿ ತಾನಾಗಿ ಹಾರಿದರೆ ಬೆನ್ನು ನೋಡಿ, ಲಾಂಗ್-ಬಿಲ್ಡ್‌ಗೆ ಅಲ್ಲಿ ಬಿಳಿ ಪಟ್ಟಿ ಇರುತ್ತದೆ.

‘ತಾನಾಗಿ’ ಎಂದೆ, ಓಡಿಸಲು ಹೋಗಬೇಡಿ. 2022ರಲ್ಲಿ ಉಪಗ್ರಹ ಟ್ಯಾಗ್ ಹೊತ್ತ ಎಳೆಯ ಬಾರ್-ಟೈಲ್ಡ್ ಗಾಡ್‌ವಿಟ್ ಒಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,000 ಕಿ.ಮೀ.ಗೂ ಹೆಚ್ಚು ದೂರವನ್ನು ಎಲ್ಲೂ ಇಳಿಯದೆ 11 ದಿನಗಳಲ್ಲಿ ಹಾರಿತು. ಇಂಥ ಪಯಣಕ್ಕೆ ಬೇಕಾದ ಕೊಬ್ಬು ಸೇರುವುದು ಇಂಥ ಕೆಸರಿನಲ್ಲಿ ಮೇಯುವಾಗಲೇ.

ಇನ್ನು ಬರಹ. ಹಕ್ಕಿ ದಾಖಲೆಗಳ ಆನ್‌ಲೈನ್ ತಾಣ ಇ-ಬರ್ಡ್‌ನಲ್ಲಿ ಅಪರೂಪದ ಹಕ್ಕಿ ಹಾಕಿದರೆ ವಿವರ ಕೇಳುತ್ತದೆ. ಅಲ್ಲಿ ‘ಆ್ಯಪ್ ಹೇಳಿತು’ ಎಂದು ಬರೆದರೆ ಪರಿಶೀಲಕರಿಗೆ ಏನೂ ಸಿಗದು. ‘ಡೌವಿಚರ್ ಥರ ಇತ್ತು’ ಎನ್ನುವುದೂ ವ್ಯರ್ಥ. ‘ಕೊಕ್ಕು ನೇರ, ತುದಿ ಉಬ್ಬು, ಪಕ್ಕದ ಗಾಡ್‌ವಿಟ್‌ಗಿಂತ ಚಿಕ್ಕದು, ಕಾಲಿನ ಬಣ್ಣ ಕಾಣಲಿಲ್ಲ’ ಎಂದು ಬರೆಯಿರಿ. ಕಾಣದ್ದನ್ನು ಕಾಣಲಿಲ್ಲ ಎಂದರೆ ಉಳಿದದ್ದರ ತೂಕ ಹೆಚ್ಚುತ್ತದೆ. ದೂರ, ಬೆಳಕಿನ ದಿಕ್ಕು, ಯಾವ ಬೈನಾಕ್ಯುಲರ್, ನೋಡಿದ ಹೊತ್ತು ಇಷ್ಟೂ ಸೇರಲಿ. ಮೂಲ ಫೋಟೊಗಳನ್ನು ತಿದ್ದದೆ ಇಟ್ಟುಕೊಳ್ಳಿ, ಕ್ಯಾಮೆರಾದ ಗಡಿಯಾರ ಸರಿಯಿದೆಯೇ ನೋಡಿ. ಪರಿಶೀಲಕರು ಒಪ್ಪದಿದ್ದರೂ ದಾಖಲೆ ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಸಾರ್ವಜನಿಕ ನಕ್ಷೆಗೆ ಹೋಗುವುದಿಲ್ಲ, ಅಷ್ಟೇ.

ಪ್ರಶ್ನೆ: ಸ್ಟಿಂಟ್‌ಗಳ (ಕೆಸರಿನಲ್ಲಿ ಮೇಯುವ ಪುಟ್ಟ ಹಕ್ಕಿಗಳು) ಗುಂಪಿನಲ್ಲಿ ಒಂದರ ಕೊಕ್ಕಿನ ತುದಿ ಚಮಚದಂತಿತ್ತು. ಸ್ಪೂನ್-ಬಿಲ್ಡ್ ಸ್ಯಾಂಡ್‌ಪೈಪರ್ ಎಂದು ಹಾಕಲೇ?

ಉತ್ತರ: ಈಗಲೇ ಬೇಡ. ರಷ್ಯಾದ ಈಶಾನ್ಯ ತುದಿಯಲ್ಲಿ ಮರಿಮಾಡುವ ಈ ಹಕ್ಕಿ ಅಳಿವಿನ ಅಂಚಿನಲ್ಲಿದೆ. ಸ್ಟಿಂಟ್‌ನ ಕೊಕ್ಕಿಗೆ ಕೆಸರುಂಡೆ ಅಂಟಿಕೊಂಡರೂ ಚಮಚವೇ ಆಗುತ್ತದೆ. ನಿಜವಾದ ಚಮಚ ಎದುರಿನಿಂದ ಅಗಲವಾಗಿ, ಪಕ್ಕದಿಂದ ನೋಡಿದರೆ ಇಲ್ಲವೇ ಇಲ್ಲ ಎನ್ನುವಷ್ಟು ತೆಳ್ಳಗೆ ಕಾಣುತ್ತದೆ. ಎರಡೂ ಕೋನದ ಫೋಟೊ ಸಿಕ್ಕರೆ ಕಳಿಸಿ.