ನಿಮ್ಮ ಎಕ್ಸ್-ಮೆನ್ ಲೇಖನ ಈಗಲೇ ಯಾಕೆ ಹಾಕ್ತಿಲ್ಲ ಅಂದ್ರೆ

ನಮಸ್ಕಾರ. ನಿಮ್ಮ ಲೇಖನ ಎರಡು ಸಲ ಓದ್ದೆ. 1992ರಲ್ಲಿ ಎಕ್ಸ್-ಮೆನ್ ಕಾಮಿಕ್ಸು (ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಇರೋ 'ಮ್ಯೂಟೆಂಟ್' ವೀರರ ತಂಡದ ಕಥೆ) ಅಮೆರಿಕದ ಫಾಕ್ಸ್ ಕಿಡ್ಸ್‌ನಲ್ಲಿ ಶನಿವಾರ ಬೆಳಗಿನ ಕಾರ್ಟೂನ್ ಆದಾಗ ಚಾನೆಲ್‌ನವ್ರು ಅದರ ಹಲ್ಲು ಕಿತ್ತು ಸಪ್ಪೆ ಮಾಡಿಬಿಟ್ರು ಅನ್ನೋದು ನಿಮ್ಮ ವಾದ. ಈಗಿರೋ ಹಾಗೆ ಹಾಕಕ್ಕಾಗಲ್ಲ. ಆದ್ರೆ ವಾಪಸ್ ಕಳ್ಸಿ ಸುಮ್ನಾಗೋಕೂ ಮನಸ್ಸು ಬರ್ತಿಲ್ಲ, ಕೈಯಿಂದ ಲೋಹದ ಉಗುರು ಚಾಚೋ ವುಲ್ವರಿನ್ ಬಗ್ಗೆ ಬರ್ದಿರೋ ಪ್ಯಾರಾದಲ್ಲಿ ನಿಮಗೆ ಇದರ ಮೇಲಿರೋ ಪ್ರೀತಿ ಎದ್ದು ಕಾಣತ್ತೆ.

ರಕ್ತ ತೋರಿಸಲಿಲ್ಲ, ಬಂದೂಕಿನ ಬದಲು ಲೇಸರ್ ಇಟ್ರು, ಯಾರೂ ಸಾಯಲ್ಲ ಅಂತ ಮೂರು ಪುಟ ಪಟ್ಟಿ ಕೊಟ್ಟಿದ್ದೀರ. ಕೊನೇದು ತಪ್ಪು. ಮೊದಲ ಎರಡು ಎಪಿಸೋಡಿನ ಕಥೆಯಲ್ಲೇ ತಂಡದ ಮಾರ್ಫ್ ಸಾಯ್ತಾನೆ! ಕಾಮಿಕ್ಸ್‌ನಲ್ಲಿ ಚೇಂಜ್‌ಲಿಂಗ್ ಅಂತ ಒಬ್ಬ ಇದ್ದ, 1968ರಲ್ಲೇ ಸತ್ತಿದ್ದ, ಅವನನ್ನ ಎತ್ಕೊಂಡು ಹೊಸ ಹೆಸರು ಕೊಟ್ಟು, ನಗಿಸೋ ಹುಡುಗನ್ನ ಮಾಡಿ, ನಮಗೆ ಇಷ್ಟ ಆಗೋ ಅಷ್ಟರಲ್ಲಿ ಕಿತ್ಕೊಂಡುಬಿಟ್ರು. ಆಮೇಲಿನದು ನೋಡಿ. ತಂಡದ ನಾಯಕ ಸೈಕ್ಲಾಪ್ಸ್ ಅಲ್ಲಿಂದ ಹೊರಟುಬಿಡೋಣ ಅಂತಾನೆ, ವುಲ್ವರಿನ್ ಗೆಳೆಯನ್ನ ಬಿಟ್ಟು ಬರಲ್ಲ ಅಂತಾನೆ, ತಂಡದ ರೋಗ್ ಅನ್ನೋಳು ವುಲ್ವರಿನ್‌ನನ್ನ ಮುಟ್ಟಿ ಅವನ ಶಕ್ತಿ ಹೀರ್ಕೊಂಡೇ ಎಳ್ಕೊಂಡು ಬರಬೇಕಾಗತ್ತೆ. ಒಂದು ಹನಿ ರಕ್ತ ಇಲ್ಲದೆ ಸಾವಿನ ಭಾರ ಪೂರ್ತಿ ವುಲ್ವರಿನ್ ಸಿಟ್ಟಿನಲ್ಲಿ ಇಳಿಸಿದ್ದಾರೆ. ಎರಡನೇ ಸೀಸನ್‌ನಲ್ಲಿ ಮಾರ್ಫ್ ವಾಪಸ್ ಬರ್ತಾನೆ ನಿಜ, ಆದ್ರೆ ಬರೋದು ಮಿಸ್ಟರ್ ಸಿನಿಸ್ಟರ್ ಅನ್ನೋ ಖಳನ ಕೈಗೆ ಸಿಕ್ಕು ತನ್ನವರ ಮೇಲೇ ತಿರುಗಿ ಬಿದ್ದೋನಾಗಿ. ಇದನ್ನ ಸಪ್ಪೆ ಅಂತ ಹೇಗ್ರೀ ಕರೆಯೋದು?

ಉಗುರಿನ ವಿಷಯನೂ ಹಾಗೇ. ವುಲ್ವರಿನ್ ಮನುಷ್ಯರನ್ನ ಸೀಳೋ ಹಾಗಿಲ್ಲ ಅಂತ ನೀವು ಬೇಜಾರು ಮಾಡ್ಕೊಂಡಿದ್ದೀರ. ಆದ್ರೆ ಶುರುವಿನ ಕಥೆಗೆ ಎದುರಾಳಿಗಳಾಗಿ ಸೆಂಟಿನೆಲ್‌ಗಳೇ ಬಂದ್ರಲ್ಲ, ರೋಬೋಟ್‌ಗಳು, ಎಷ್ಟು ಬೇಕಾದ್ರೂ ಕತ್ತರಿಸಬಹುದು. ಅವು 1965ರಿಂದಲೂ ಕಾಮಿಕ್ಸ್‌ನಲ್ಲಿದ್ದವೇ, ಮೇಲಾಗಿ ಮ್ಯೂಟೆಂಟ್‌ಗಳನ್ನ ಹುಡುಕಿ ಹಿಡಿಯೋ ಯಂತ್ರಗಳು, ಅಂದ್ರೆ ಎಕ್ಸ್-ಮೆನ್‌ನ ಮೂಲ ಭಯನೇ ಅದು. ಅಡಾಪ್ಟೇಶನ್, ಅಂದ್ರೆ ಕಾಮಿಕ್ಸನ್ನ ಕಾರ್ಟೂನ್ ಮಾಡೋದು, ನನಗೆ ಇದು, ಮೂವತ್ತು ವರ್ಷದ ಕಥೆ ರಾಶಿಯಲ್ಲಿ ಚಾನೆಲ್ ನಿಯಮಕ್ಕೂ ಒಗ್ಗೋ, ಕಥೆಯ ಜೀವನೂ ಉಳಿಸೋ ತುಂಡನ್ನ ಹೆಕ್ಕೋದು.

ಹಾಗಂತ ನಿಯಮಗಳಿಂದ ಏನೂ ಕೆಡಲಿಲ್ಲ ಅಂತ ನಾನು ಹೇಳ್ತಿಲ್ಲ. 1994ರ ಸ್ಪೈಡರ್-ಮ್ಯಾನ್ ಸರಣಿಯಲ್ಲಿ ಮೊರ್ಬಿಯಸ್ ಅನ್ನೋ ರಕ್ತಪಿಶಾಚಿ 'ಪ್ಲಾಸ್ಮಾ' ಬೇಕು ಅಂತಾನೆ, ಹಲ್ಲಿಂದ ಕಚ್ಚಲ್ಲ, ಅಂಗೈಯಿಂದ ಹೀರ್ತಾನೆ. ಅಲ್ಲಿ ಪಾತ್ರದ ಮೂಲ ಭಯನೇ ಹೋಯ್ತು. ಈ ಉದಾಹರಣೆ ಪಕ್ಕದಲ್ಲಿಟ್ರೆ ನಿಮ್ಮ ವಾದಕ್ಕೆ ನಿಜವಾದ ತೂಕ ಬರತ್ತೆ. ಮತ್ತೆ ತಪ್ಪೆಲ್ಲ ಒಂದು ಚಾನೆಲ್ ತಲೆಗೆ ಕಟ್ಟಬೇಡಿ. 1968ರಲ್ಲಿ ಅಲ್ಲಿ ಆಕ್ಷನ್ ಫಾರ್ ಚಿಲ್ಡ್ರನ್ಸ್ ಟೆಲಿವಿಷನ್ ಅನ್ನೋ ಸಂಘಟನೆ ಹುಟ್ತು, ಮಕ್ಕಳ ಟೀವಿ ಮೇಲೆ ಒತ್ತಡ ಬಿತ್ತು, ಹೊಡೆದಾಟ ಕಮ್ಮಿ ಮಾಡಿದ 1973ರ ಸೂಪರ್‌ಹೀರೋ ಕಾರ್ಟೂನ್ ಸೂಪರ್ ಫ್ರೆಂಡ್ಸ್ ಆ ಕಾಲದ ಕೂಸು. ಇಷ್ಟು ಎರಡು ಸಾಲಲ್ಲಿ ಮುಗಿಸಿ, ಪುಟ ಬೇಡ.

ನೀವು ಮುಟ್ಟದೇ ಬಿಟ್ಟಿದ್ದು ದುಡ್ಡು. ಕಾಮಿಕ್ಸ್ ಚೌಕದಲ್ಲಿ ಒಂದು ಗೆರೆ ಒಂದೇ ಸಲ ಎಳೆಯೋದು, ಕಾರ್ಟೂನಲ್ಲಿ ಅದೇ ಗೆರೆ ಮತ್ತೆ ಮತ್ತೆ ಎಳೀಬೇಕು. 1967ರ ಸ್ಪೈಡರ್-ಮ್ಯಾನ್ ಮೈಮೇಲೆ ಎಷ್ಟೋ ಕಡೆ ಬಲೆಯ ಗೆರೆನೇ ಇಲ್ಲ, ಅವನು ಬಲೆ ಹಿಡ್ಕೊಂಡು ಜೋಲಾಡೋ ಅದದೇ ದೃಶ್ಯ ಎಷ್ಟು ಸಲ ಬರತ್ತೆ ಅಂತ ನೋಡಿದವರಿಗೆ ಗೊತ್ತು. ಸೆನ್ಸಾರ್‌ಗಿಂತ ಪೆನ್ಸಿಲ್ ಖರ್ಚು ಎಷ್ಟೋ ಸಲ ದೊಡ್ಡ ಕತ್ತರಿ.

ಇನ್ನು ಓದುಗರ ವಿಷಯ. ಶನಿವಾರ ಬೆಳಗ್ಗೆ ಅಂದ್ರೆ ಅಮೆರಿಕದ ಮಕ್ಕಳಿಗೆ ಏನು ಅಂತ ನಮ್ಮವರಿಗೆ ಒಂದು ಮಾತಲ್ಲಿ ಮುಟ್ಟಿಸಿ. 1987ರಲ್ಲಿ ರಾಮಾಯಣಕ್ಕೆ ಅಂತ ಭಾನುವಾರ ಬೆಳಗ್ಗೆ ದೂರದರ್ಶನದ ಮುಂದೆ ಕೂತವರು ನಮ್ಮ ಓದುಗರಲ್ಲಿ ಬೇಕಾದಷ್ಟು ಜನ ಇದ್ದಾರೆ, ಹಾಗೆ ಕಾಯೋದು ಅಂದ್ರೆ ಏನು ಅಂತ ಅವರಿಗೆ ಗೊತ್ತು. 'ಇದು ಒಂದು ಯುಗದ ಅಂತ್ಯವಾಗಿತ್ತು' ಥರದ ಸಾಲು ತೆಗೀರಿ, ಅದು ಇಂಗ್ಲಿಷಿಂದ ಇಳಿದು ಬಂದಿದ್ದು, ನೀವು ಮಾತಾಡೋ ಕನ್ನಡ ಇದಕ್ಕಿಂತ ಚೆನ್ನಾಗಿರತ್ತೆ ಅಂತ ನಿಮ್ಮ ಪತ್ರದಲ್ಲೇ ಗೊತ್ತಾಯ್ತು.

ಮಾರ್ಫ್‌ನಿಂದ ಶುರು ಮಾಡಿ. ಆ ಎರಡು ಎಪಿಸೋಡ್ ಇನ್ನೊಂದ್ಸಲ ಕೂತು ನೋಡಿ, ಸೈಕ್ಲಾಪ್ಸ್ ಮುಖ ಹೇಗಿದೆ, ವುಲ್ವರಿನ್ ಏನು ಮಾಡ್ತಾನೆ, ನೋಟ್ಸ್ ಮಾಡ್ಕೊಳ್ಳಿ. ಪಟ್ಟಿ ಪೂರ್ತಿ ಬಿಟ್ಟು ಸಾವಿರದ ಇನ್ನೂರು ಪದದೊಳಗೆ ಬರೆದು ಮುಂದಿನ ತಿಂಗಳ ಕೊನೆಯೊಳಗೆ ಕಳ್ಸಿ, ಬಂದ ದಿನವೇ ಓದ್ತೀನಿ.