ಸಲಿಕೆ ಎಲ್ಲಿಂದ ಬಂತು?

ಗಂಗಾವತಿ ತಾಲ್ಲೂಕಿನ ಓದುಗರೊಬ್ಬರು ಬರೆಯುತ್ತಾರೆ: ಎಡದಂಡೆ ಕಾಲುವೆಯ ತೂಬಿನ ಬಳಿ ನೀರಿಗಾಗಿ ನಡೆದ ಜಗಳದಲ್ಲಿ ಸಲಿಕೆಯ ಒಂದೇ ಏಟು ತಲೆಗೆ ಬಿದ್ದು ಅವರ ಸಂಬಂಧಿಕರು ತೀರಿಕೊಂಡರು. ಸೆಷನ್ಸ್ ನ್ಯಾಯಾಲಯ ಕೊಲೆಯೆಂದು ಜೀವಾವಧಿ ಶಿಕ್ಷೆ ಕೊಟ್ಟಿತು, ಹೈಕೋರ್ಟಿನ ಧಾರವಾಡ ಪೀಠ ಅದನ್ನು ಹತ್ತು ವರ್ಷಕ್ಕೆ ಇಳಿಸಿತು. ‘ಹೊಡೆದವನು ಅವನೇ ಎಂದು ಒಪ್ಪಿದ ಮೇಲೂ ಕೊಲೆಯಲ್ಲ ಎನ್ನುವುದು ಹೇಗೆ?’

ಮಾನ್ಯರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ‘ಒಂದೇ ಏಟಾದ್ದರಿಂದ ಶಿಕ್ಷೆ ಇಳಿಯಿತು’ ಎಂಬ ನಿಮ್ಮ ಊಹೆ ಸರಿಯಲ್ಲ. 1958ರಲ್ಲಿ ಸುಪ್ರೀಂ ಕೋರ್ಟ್ ವಿರ್ಸಾ ಸಿಂಗ್ ಪ್ರಕರಣದಲ್ಲಿ, ಭರ್ಜಿಯಿಂದ ಹೊಟ್ಟೆಗೆ ಒಂದೇ ಬಾರಿ ತಿವಿದವನ ಮೇಲಿನ ಕೊಲೆ ಆರೋಪವನ್ನೇ ಎತ್ತಿಹಿಡಿಯಿತು. ಸಾಯಿಸಬೇಕೆಂಬ ಉದ್ದೇಶ ಅವನಿಗಿತ್ತೇ ಎಂದು ನ್ಯಾಯಮೂರ್ತಿ ವಿವಿಯನ್ ಬೋಸ್ ಕೇಳಲಿಲ್ಲ. ಆ ಗಾಯವನ್ನೇ ಮಾಡಬೇಕೆಂದು ಮಾಡಿದನೇ, ಆ ಗಾಯ ಸಹಜವಾಗಿ ಸಾವು ತರುವಷ್ಟಿತ್ತೇ ಎಂದು ಕೇಳಿದರು. ಮೊದಲನೆಯದು ಆಯುಧ, ಏಟಿನ ಜಾಗ, ಬಲಗಳಿಂದ ತಿಳಿಯಬೇಕಾದದ್ದು. ಎರಡನೆಯದಕ್ಕೆ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರ ಮಾತು ಮುಖ್ಯವಾಗುತ್ತದೆ.

ನಿಮ್ಮ ಪ್ರಕರಣದಲ್ಲಿ ಇವೆರಡೂ ಸಾಬೀತಾಗಿದ್ದರೂ ತೀರ್ಪು ಹೀಗೆ ಬರಬಹುದು. ಭಾರತೀಯ ದಂಡ ಸಂಹಿತೆಯ 300ನೇ ಕಲಮಿನ ನಾಲ್ಕನೇ ವಿನಾಯಿತಿಯು ಮುಂಚಿತ ಯೋಚನೆಯಿಲ್ಲದೆ, ದಿಢೀರ್ ಜಗಳದ ಆವೇಶದಲ್ಲಿ, ಕ್ರೂರವಾಗಿ ವರ್ತಿಸದೆ ಮಾಡಿದ ಕೃತ್ಯವನ್ನು ಕೊಲೆಯಿಂದ ಬೇರೆ ಮಾಡುತ್ತದೆ. ಇದು ಬಿಡುಗಡೆಯಲ್ಲ: 304ನೇ ಕಲಮಿನ ಮೊದಲ ಭಾಗದಲ್ಲಿ ಜೀವಾವಧಿ ಅಥವಾ ಹತ್ತು ವರ್ಷದವರೆಗಿನ ಸೆರೆವಾಸವಿದೆ. (2024ರ ಜುಲೈ 1ರಿಂದ ನಡೆದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ 101 ಮತ್ತು 105ನೇ ಕಲಮುಗಳು.)

ಹಾಗಾಗಿ ಸಲಿಕೆ ಎಲ್ಲಿಂದ ಬಂತು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಬದುವಿನ ಮೇಲೆ ಮಣ್ಣು ಎಳೆಯುತ್ತಿದ್ದವನ ಕೈಯಲ್ಲೇ ಅದಿದ್ದರೆ ಒಂದು ಅರ್ಥ, ಬೈದು ಮನೆಗೆ ಹೋಗಿ ತಂದು ಹೊಡೆದಿದ್ದರೆ ಪೂರಾ ಬೇರೆಯೇ ಅರ್ಥ. ನೀವು ಕಳಿಸಿದ ತೀರ್ಪಿನ ಪುಟಗಳಲ್ಲಿ ಸಾಕ್ಷಿಗಳೇ ಮೊದಲನೆಯದನ್ನು ಹೇಳಿದ್ದಾರೆ. ಬಿದ್ದವರ ಮೇಲೆ ಮತ್ತೆ ಕೈಮಾಡಲಿಲ್ಲ ಎಂದೂ ಇದೆ. ಇಂತಹ ಸುದ್ದಿಗೆ ‘ಕೊಲೆ’ ಎಂದು ತಲೆಬರಹ ಕೊಟ್ಟುಬಿಡುವ ನಾವು ಪತ್ರಿಕೆಯವರೂ ಈ ಗೊಂದಲಕ್ಕೆ ಕಾರಣರೇ.

ತೀರ್ಪು ಒಪ್ಪಿಗೆಯಾಗದಿದ್ದರೆ ವಿಶೇಷ ಮೇಲ್ಮನವಿ ಅನುಮತಿ ಕೋರಿ ಸುಪ್ರೀಂ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ತೀರ್ಪಿನಿಂದ 90 ದಿನಗಳ ಅವಧಿಯಿರುತ್ತದೆ. ನೀವು ಕಳಿಸಿದ ಪುಟಗಳಲ್ಲಿ ದಿನಾಂಕವಿರುವ ಪುಟವೇ ಇಲ್ಲ, ಮೊದಲು ಅದನ್ನು ನೋಡಿಕೊಳ್ಳಿ.

-ಸಂ.