ಸ್ಕ್ರಿಪ್ಟ್ ಎಲ್ಲಿ ನಿಂತಿದೆ, ಮೊದಲು ಅದನ್ನು ಹೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಕೇಳಿದ್ದು ಒಂದೇ ರಾಗ. "ಫೈಲ್ ಅಲ್ಲೇ ಉಂಟು, ಆದರೂ ಕಂಪ್ಯೂಟರ್ ಸಿಗಲಿಲ್ಲ ಅನ್ನುತ್ತದೆ." ಬ್ಯಾಚ್ ಫೈಲ್, ಅಂದರೆ ವಿಂಡೋಸ್‌ಗೆ ಕೊಡುವ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಸ್ಕ್ರಿಪ್ಟ್, ಬರೆಯುವುದು ಹೇಗೆ ಅಂತ ನಾನು ಇಲ್ಲಿ ಹೇಳುವುದಿಲ್ಲ. ಬರೆದು ಕೈ ಸುಟ್ಟುಕೊಂಡವರಿಗೆ ಮಾತ್ರ ಈ ಉತ್ತರ.

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದು ಅಡಿಕೆ ವ್ಯಾಪಾರ. ದಿನದ ಲೆಕ್ಕದ ಫೈಲನ್ನು ಝಿಪ್ ಮಾಡಿ ಡಿ ಡ್ರೈವಿಗೆ ಹಾಕಲು ಅಳಿಯ ಒಂದು ಬ್ಯಾಚ್ ಫೈಲ್ ಬರೆದುಕೊಟ್ಟಿದ್ದಾನೆ. ಡಬಲ್ ಕ್ಲಿಕ್ ಮಾಡಿದರೆ ಚೆನ್ನಾಗಿ ನಡೆಯುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ರಾತ್ರಿ 9ಕ್ಕೆ ಇಟ್ಟರೆ ಏನೂ ಆಗುವುದಿಲ್ಲ. ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಬೇಕು ಅಂತ ರಿಪೇರಿಯವರು ಹೇಳುತ್ತಾರೆ. ಮಾಡಿಸಲೇ?

ಉತ್ತರ: ಬೇಡ ಮಾರಾಯ್ರೆ! ಡಬಲ್ ಕ್ಲಿಕ್‌ಗೆ ನಡೆಯುತ್ತದೆ ಅಂದ ಮೇಲೆ ವಿಂಡೋಸ್‌ಗೆ ಎಂತ ಆಗಿದೆ? ಫಾರ್ಮ್ಯಾಟ್ ಮಾಡಿಸಿದರೂ ಮರುದಿನ ರಾತ್ರಿ 9ಕ್ಕೆ ಇದೇ ಕಥೆ. ಎಲ್ಲದಕ್ಕೂ ಫಾರ್ಮ್ಯಾಟ್ ಅನ್ನುವವರು ಎಲ್ಲ ಜ್ವರಕ್ಕೂ ಒಂದೇ ಸೂಜಿ ಚುಚ್ಚುವವರ ಜಾತಿ.

ಕುಂಬಳೆಯಲ್ಲಿ ಬಸ್ಸಿಳಿದವರಿಗೆ "ಎಡಕ್ಕೆ ತಿರುಗಿ ಮೂರನೇ ಮನೆ" ಅಂದರೆ ಮನೆ ಸಿಗುತ್ತದೆ. ಮುಳ್ಳೇರಿಯದಲ್ಲಿ ನಿಂತವರಿಗೆ ಅದನ್ನೇ ಹೇಳಿದರೆ ಯಾರದೋ ಅಂಗಳಕ್ಕೆ ಹೋಗಿ ನಾಯಿಯಿಂದ ಬೊಗಳಿಸಿಕೊಳ್ಳುತ್ತಾರೆ. ನಿಮ್ಮ ಸ್ಕ್ರಿಪ್ಟಿನಲ್ಲಿ ಲೆಕ್ಕದ ಫೈಲಿನ ಹೆಸರು ಮಾತ್ರ ಇದೆ, ಪೂರ್ತಿ ವಿಳಾಸ ಇಲ್ಲ, ಅಲ್ವಾ? ಡಬಲ್ ಕ್ಲಿಕ್ ಮಾಡಿದಾಗ ಸ್ಕ್ರಿಪ್ಟ್ ತಾನಿರುವ ಫೋಲ್ಡರಿನಲ್ಲೇ ನಿಂತು ಹುಡುಕುತ್ತದೆ, ಸಿಗುತ್ತದೆ. ಶೆಡ್ಯೂಲರ್ ಅದನ್ನೇ ಎಬ್ಬಿಸಿದಾಗ ನಿಲ್ಲಿಸುವುದು ಸಿ ಡ್ರೈವ್, ವಿಂಡೋಸ್, ಸಿಸ್ಟಮ್32 ಫೋಲ್ಡರಿನಲ್ಲಿ. ಅಲ್ಲಿ ನಿಮ್ಮ ಅಡಿಕೆ ಲೆಕ್ಕ ಎಲ್ಲಿಂದ ಬರಬೇಕು?

ನನ್ನ ಮಾತು ನಂಬಬೇಡಿ, ನೋಡಿ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಸಿಡಿ (cd, ಈಗ ಯಾವ ಫೋಲ್ಡರಿನಲ್ಲಿದ್ದೇವೆ ಅಂತ ಹೇಳುವ, ಬೇರೆ ಫೋಲ್ಡರಿಗೆ ಹೋಗುವ ಆಜ್ಞೆ) ಅಂತ ಬರೆದು, ಮುಂದೆ > ಗುರುತು ಹಾಕಿ, ಡಿ ಡ್ರೈವಿನ ಒಂದು ಟೆಕ್ಸ್ಟ್ ಫೈಲಿನ ಪೂರ್ತಿ ವಿಳಾಸ ಕೊಡಿ. ಬೆಳಿಗ್ಗೆ ಆ ಫೈಲ್ ತೆರೆಯಿರಿ. ರಾತ್ರಿ ಸ್ಕ್ರಿಪ್ಟ್ ಎಲ್ಲಿ ನಿಂತಿತ್ತು ಅಂತ ಅದರಲ್ಲೇ ಬರೆದಿರುತ್ತದೆ.

ಸರಿಮಾಡಲು ಎರಡು ದಾರಿ. ಶೆಡ್ಯೂಲರ್‌ನ ಆಕ್ಷನ್ಸ್‌ನಲ್ಲಿ 'ಸ್ಟಾರ್ಟ್ ಇನ್' ಅಂತ ಒಂದು ಖಾಲಿ ಪೆಟ್ಟಿಗೆ ಇದೆ. ಐಚ್ಛಿಕ ಅಂತ ಬರೆದಿರುವುದರಿಂದ ಯಾರೂ ಮುಟ್ಟುವುದಿಲ್ಲ. ಅಲ್ಲಿ ಫೋಲ್ಡರಿನ ವಿಳಾಸ ಹಾಕಿ. ಆದರೆ ಕೋಟ್ ಹಾಕಬೇಡಿ, ವಿಳಾಸದಲ್ಲಿ ಸ್ಪೇಸ್ ಇದ್ದರೂ ಬೇಡ. ಹಾಕಿದರೆ 2147942667 ಅನ್ನುವ ಎರರ್ ಬರುತ್ತದೆ. ಡೈರೆಕ್ಟರಿಯ ಹೆಸರು ಸರಿಯಿಲ್ಲ ಅಂತ ಅದರ ಅರ್ಥ.

ನನಗೆ ಇಷ್ಟವಾದದ್ದು ಎರಡನೆಯದು. ಸ್ಕ್ರಿಪ್ಟಿನ ಮೊದಲ ಸಾಲಿಗೇ ಇದನ್ನು ಹಾಕಿ: ಸಿಡಿ, ಸ್ಪೇಸ್, ಓರೆಗೆರೆ, ಡಿ, ಸ್ಪೇಸ್. ಆಮೇಲೆ ಡಬಲ್ ಕೋಟ್ ಒಳಗೆ ಪರ್ಸೆಂಟ್, ಟಿಲ್ಡೆ, ಡಿ, ಪಿ, ಸೊನ್ನೆ. ಅಂದರೆ cd /d "%~dp0" ಅಂತ. ಟಿಲ್ಡೆ ಅಂದರೆ ಕೀಬೋರ್ಡಿನಲ್ಲಿ ಒಂದರ ಎಡಕ್ಕಿರುವ ಅಲೆಯಂಥ ಗೆರೆ, ಶಿಫ್ಟ್ ಒತ್ತಿ ಹೊಡೆಯಬೇಕು. "ಈ ಸ್ಕ್ರಿಪ್ಟ್ ಎಲ್ಲಿದೆಯೋ ಅಲ್ಲಿಗೇ ಹೋಗಿ ನಿಲ್ಲು" ಅಂತ ಆ ಸಾಲಿನ ಅರ್ಥ. ನಾಳೆ ಫೋಲ್ಡರನ್ನು ಬೇರೆ ಕಡೆ ಇಟ್ಟರೂ ತೊಂದರೆ ಇಲ್ಲ.

ಆ ಓರೆಗೆರೆ-ಡಿ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಸಿಡಿ ಒಂದು ಡ್ರೈವಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ, ದಾಟಲಿಲ್ಲ ಅಂತ ಹೇಳುವುದೂ ಇಲ್ಲ. ಕೆಲವು ವರ್ಷದ ಹಿಂದೆ ನಾನೇ ಬಿಟ್ಟಿದ್ದೆ. ಡಿ ಡ್ರೈವಿನ ಹಳೇ ಬ್ಯಾಕಪ್ ಫೋಲ್ಡರಿಗೆ ಹೋಗು ಅಂತ ಒಂದು ಸಾಲು, ಅಲ್ಲಿರುವುದನ್ನೆಲ್ಲ ಅಳಿಸು ಅಂತ ಮುಂದಿನ ಸಾಲು. ಸ್ಕ್ರಿಪ್ಟ್ ಸಿ ಡ್ರೈವಿನಲ್ಲೇ ನಿಂತು, ಅಲ್ಲಿದ್ದ ಯಕ್ಷಗಾನದ ಫೋಟೋಗಳನ್ನು ಅಳಿಸಿತು. ಡೆಲ್ ಆಜ್ಞೆಯಿಂದ ಹೋದದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಮೂರು ವೇಷಗಳ ಚೌಕಿಯ ಫೋಟೋ ಇವತ್ತಿಗೂ ಇಲ್ಲ. ಅಂದಿನಿಂದ ಸಿಡಿ ಸಾಲಿನ ಕೊನೆಗೆ ಎರಡು ಲಂಬ ಗೆರೆ ಎಳೆದು, ಹೋಗಲಾಗದಿದ್ದರೆ ಅಲ್ಲೇ ನಿಲ್ಲಿಸು ಅಂತ ಎಕ್ಸಿಟ್ ಹಾಕುತ್ತೇನೆ. ನನ್ನದು ಅತಿ ಅಂತ ಮನೆಯವರು ನಗುತ್ತಾರೆ. ನಗಲಿ.

"ರನ್ ಆಸ್ ಅಡ್ಮಿನಿಸ್ಟ್ರೇಟರ್ ಮಾಡಿ ನೋಡಿ" ಅಂತ ಸಲಹೆ ಕೊಡುವವರನ್ನು ದೂರ ಇಡಿ. ಹಾಗೆ ಓಡಿಸಿದರೂ ಸ್ಕ್ರಿಪ್ಟ್ ನಿಲ್ಲುವುದು ಸಿಸ್ಟಮ್32ನಲ್ಲೇ. ಮೇಲಿಂದ, ನೆಟ್‌ವರ್ಕಿನಿಂದ ಝಡ್ ಅಂತ ಜೋಡಿಸಿಕೊಂಡ ಡ್ರೈವ್ ಸಾಮಾನ್ಯವಾಗಿ ಅಡ್ಮಿನಿಸ್ಟ್ರೇಟರ್‌ಗೆ ಕಾಣಿಸುವುದೇ ಇಲ್ಲ. ಮಾಡಿದ ಕೆಲಸ ಒಂದು, ಬಂದ ತೊಂದರೆ ಎರಡು. ಝಡ್ ಬದಲು ಎರಡು ಹಿಂಬದಿ ಓರೆಗೆರೆಯಿಂದ (\\) ಶುರುವಾಗುವ ನೆಟ್‌ವರ್ಕ್ ವಿಳಾಸವನ್ನೇ ಬರೆಯಿರಿ.

ಅಳಿಯನನ್ನು ಬಯ್ಯಬೇಡಿ. ಒಂದು ಸಾಲು ಬಿಟ್ಟಿದ್ದಾನೆ, ಅಷ್ಟೇ.

ಪ್ರಶ್ನೆ: 'ಸಿ:\ಪ್ರೋಗ್ರಾಮ್' ಗೊತ್ತಿಲ್ಲದ ಆಜ್ಞೆ ಅನ್ನುತ್ತದೆ. ನಾನು ಹಾಗೆ ಬರೆದೇ ಇಲ್ಲ! (ಉಪ್ಪಳ)

ಉತ್ತರ: ಬರೆದಿದ್ದೀರಿ. ಪ್ರೋಗ್ರಾಮ್ ಮತ್ತು ಫೈಲ್ಸ್ ನಡುವೆ ಸ್ಪೇಸ್ ಇದೆ, ಹೆಸರು ಅಲ್ಲಿಗೇ ಮುಗಿಯಿತು ಅಂತ ಅದು ತಿಳಿಯಿತು. ಸ್ಕ್ರಿಪ್ಟಿನೊಳಗೆ ಪೂರ್ತಿ ವಿಳಾಸಕ್ಕೆ ಡಬಲ್ ಕೋಟ್ ಹಾಕಿ.

ಪ್ರಶ್ನೆ: ಕೋಟ್ ಹಾಕಿದೆ. ಸ್ಟಾರ್ಟ್ ಆಜ್ಞೆ ಕೊಟ್ಟರೆ ಸುಮ್ನೆ ಒಂದು ಕಪ್ಪು ಕಿಟಕಿ ತೆರೆಯುತ್ತದೆ, ಪ್ರೋಗ್ರಾಮ್ ಇಲ್ಲ.

ಉತ್ತರ: ಸ್ಟಾರ್ಟ್ ಮೊದಲ ಕೋಟಿನೊಳಗಿನದ್ದನ್ನು ಕಿಟಕಿಯ ತಲೆಬರಹ ಅಂತ ಓದುತ್ತದೆ. ಮೊದಲು ಖಾಲಿ ಜೋಡಿ ಕೋಟ್ ಹಾಕಿ, ಆಮೇಲೆ ವಿಳಾಸ.

ಪ್ರಶ್ನೆ: ವರ್ಡ್‌ನಲ್ಲಿ ಟೈಪ್ ಮಾಡಿ ತಂದು ಅಂಟಿಸಿದ ಸಾಲು ಯಾಕೆ ನಡೆಯುವುದಿಲ್ಲ?

ಉತ್ತರ: ವರ್ಡ್ ನೇರ ಕೋಟನ್ನು ಬಗ್ಗಿಸುತ್ತದೆ, ಬಗ್ಗಿದ್ದು ಕೋಟ್ ಅಂತ ಸ್ಕ್ರಿಪ್ಟಿಗೆ ಗೊತ್ತಾಗುವುದಿಲ್ಲ. ನೋಟ್‌ಪ್ಯಾಡ್ ಇರುವುದು ಮತ್ತೆ ಯಾತಕ್ಕೆ?

ಪ್ರಶ್ನೆ: ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟರೆ ಸ್ಕ್ರಿಪ್ಟಿಗೆ ಸಿಗುವುದಿಲ್ಲ. (ಮಂಜೇಶ್ವರ)

ಉತ್ತರ: ಸ್ಕ್ರಿಪ್ಟನ್ನು ಬಿಓಎಂ (ಫೈಲಿನ ತಲೆಯಲ್ಲಿ ಸೇರುವ ಕಾಣದ ಗುರುತು) ಇಲ್ಲದ ಯುಟಿಎಫ್-8ನಲ್ಲಿ, ಅಂದರೆ ಕನ್ನಡ ಅಕ್ಷರವೂ ಉಳಿಯುವ ರೀತಿಯಲ್ಲಿ, ಸೇವ್ ಮಾಡಿ, ಮೇಲಿನ ಸಾಲಿನಲ್ಲಿ ಅದೇ ರೀತಿ ಓದು ಅಂತ ಹೇಳುವ ಸಿಎಚ್‌ಸಿಪಿ (chcp) 65001 ಹಾಕಿ. ಆದರೂ ಕೆಲವು ಹಳೇ ಪ್ರೋಗ್ರಾಮ್‌ಗಳು ಮುಖ ತಿರುಗಿಸುತ್ತವೆ. ಕನ್ನಡ, ಮಲಯಾಳ ಎರಡರಲ್ಲೂ ಬೋರ್ಡ್ ಇರುವ ಊರಿನವನು ನಾನು. ಸ್ಕ್ರಿಪ್ಟ್ ಮುಟ್ಟುವ ಫೋಲ್ಡರಿಗೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಸ್ಪೇಸ್ ಇಲ್ಲದೆ ಹೆಸರಿಡುತ್ತೇನೆ.

ಪ್ರಶ್ನೆ: ವಿಂಡೋಸಿನ ಸೆಟ್ಟಿಂಗ್ ಶುಚಿ ಮಾಡುತ್ತೇವೆ ಅನ್ನುವ ರಿಜಿಸ್ಟ್ರಿ ಕ್ಲೀನರ್ ಹಾಕಿದರೆ ಪಾತ್ (ವಿಳಾಸದ) ಎರರ್ ಹೋಗುತ್ತದೆಯೇ?

ಉತ್ತರ: ನಿಮ್ಮ ದುಡ್ಡು ಹೋಗುತ್ತದೆ.

ಪ್ರಶ್ನೆ: ಸ್ಕ್ರಿಪ್ಟ್ ಪೆನ್ ಡ್ರೈವಿನಲ್ಲಿದೆ. ಆ ಡ್ರೈವಿನ ಅಕ್ಷರ ನಿನ್ನೆ ಇ, ಇವತ್ತು ಎಫ್. ಪ್ರತಿ ಸಲ ತಿದ್ದಬೇಕೇ?

ಉತ್ತರ: ಪರ್ಸೆಂಟ್, ಟಿಲ್ಡೆ, ಡಿ, ಪಿ, ಸೊನ್ನೆ. ಮೇಲೆ ಬಿಡಿಸಿ ಹೇಳಿದ್ದೇನೆ, ಅಡಿಕೆಯವರ ಪ್ರಶ್ನೆ ಅಂತ ಹಾರಿಸಬೇಡಿ.